ಅಳತೆ ಮತ್ತು ಕೊಸರು

ಸಂತೆಯಲ್ಲಿ ರಾಗಿ ಅಳೆಸಿಕೊಳ್ಳುವಾಗ ನಮ್ಮ ಅವ್ವಂದಿರು ಕೊನೆಗೆ ಒಂದು ಮಾತು ಹೇಳಿಯೇ ಹೇಳುತ್ತಾರೆ: "ವಸಿ ಕೊಸರು ಹಾಕಣ್ಣ." ಮಾರುವವನು ಗೊಣಗಿಕೊಂಡೋ ನಗುತ್ತಲೋ ಒಂದು ಹಿಡಿ ಹೆಚ್ಚಿಗೆ ಸುರಿಯುತ್ತಾನೆ. ಅದು ಕೊಸರು, ಅಳತೆಯ ಮೇಲಿನದು. ಆದರೆ ಅವ್ವಂದಿರ ಕಣ್ಣು ಕೊಸರಿನ ಮೇಲೆ ಇರುವುದಿಲ್ಲ. ಅದಕ್ಕೂ ಮೊದಲೇ ಸೇರಿನ ಬಾಯಿಯ ಮೇಲೆ ಇರುತ್ತದೆ. ಹೆಬ್ಬೆರಳು ಸೇರಿನ ಒಳಗಿದೆಯೋ ಹೊರಗಿದೆಯೋ, ಸೇರಿನ ತಳ ಒಳಕ್ಕೆ ಜಜ್ಜಿದೆಯೋ ನೆಟ್ಟಗಿದೆಯೋ ಎಂದು ನೋಡುತ್ತಿರುತ್ತಾರೆ. ಹೆಬ್ಬೆರಳು ಒಳಗಿಟ್ಟು ಅಳೆದವನು ಆಮೇಲೆ ಎಷ್ಟು ದೊಡ್ಡ ಹಿಡಿ ಸುರಿದರೂ ಅದು ಕೊಸರಲ್ಲ. ನಮ್ಮ ರಾಗಿಯನ್ನೇ ನಮಗೆ ದಾನ ಮಾಡಿದ ಹಾಗೆ.

ನಮ್ಮ ಅಜ್ಜಿಯ ಕಾಲದಲ್ಲಿ ಕಣದಲ್ಲಿ ಕೂಲಿಯನ್ನು ಅಳೆದು ಕೊಡುತ್ತಿದ್ದರು. ಕೂಲಿ ಕೊಡುವ ಬಳ್ಳ ಬೇರೆ, ಸಾಲ ವಾಪಸ್ ಅಳೆದುಕೊಳ್ಳುವ ಬಳ್ಳ ಬೇರೆ ಎಂದು ಆಕೆ ಹೇಳುತ್ತಿದ್ದಳು. ಸುಗ್ಗಿಯ ಕೊನೆಯ ದಿನ ಗೌಡರು ಕೂಲಿಯ ಮೇಲೆ ಒಂದು ಮೊರ ಹೆಚ್ಚಿಗೆ ಹಾಕಿಸಿದರೆ ಇಡೀ ಹಟ್ಟಿ ಕೈ ಮುಗಿದು ಬರುತ್ತಿತ್ತಂತೆ. ವರ್ಷವಿಡೀ ಚಿಕ್ಕ ಬಳ್ಳದಲ್ಲಿ ಹೋದದ್ದೆಷ್ಟು, ಆ ಮೊರದಲ್ಲಿ ಬಂದದ್ದೆಷ್ಟು ಎಂದು ಯಾರೂ ಕೂಡಿ ಕಳೆಯಲಿಲ್ಲ. ಕೂಡಿ ಕಳೆಯುವ ವಿದ್ಯೆ ಆಗ ನಮ್ಮ ಕೈಯಲ್ಲಿ ಇರಲಿಲ್ಲ. ಈಗ ಇದೆ. ಆದ್ದರಿಂದ ಈ ಬರಹ.

ದಲಿತರ ಮಕ್ಕಳಿಗೆ, ಬಡವರ ಮಕ್ಕಳಿಗೆ, ಅಮೆರಿಕದಲ್ಲಿ ಕಪ್ಪು ಜನರ ಮಕ್ಕಳಿಗೆ ಎಂದು ಸರ್ಕಾರಗಳು ಶಿಕ್ಷಣಕ್ಕೆ 'ಹೆಚ್ಚುವರಿ' ಹಣ ತೆಗೆದಿಡುತ್ತವೆ. ಭಾಷಣಗಳಲ್ಲಿ ಅದರ ಅಂಕಿ ದೊಡ್ಡದಾಗಿ ಕೇಳುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರ ಮೇಲೆ ಹೆಚ್ಚುವರಿ? ಇದು ಗುಮಾಸ್ತರ ಪ್ರಶ್ನೆ, ಲೆಕ್ಕಪತ್ರದ ಪ್ರಶ್ನೆ ಎಂದು ನಮ್ಮ ಬುದ್ಧಿಜೀವಿಗಳು ಮೂಗು ಮುರಿಯಬಹುದು. ಅಲ್ಲ. ಋಣ ಯಾವುದು, ದಾನ ಯಾವುದು ಎಂಬ ನೀತಿಯ ಪ್ರಶ್ನೆ ಇದು. ಋಣವನ್ನೇ ದಾನವೆಂದು ಕೊಟ್ಟು ಕೈ ಮುಗಿಸಿಕೊಳ್ಳುವ ವಿದ್ಯೆಯಲ್ಲಿ ನಮ್ಮ ದೇಶದ ಮೇಲ್ಜಾತಿಯವರು ಪಳಗಿದವರು. ಆದರೆ ಈ ಪ್ರಶ್ನೆಯನ್ನು ಶಾಲೆಯ ಹಣದ ವಿಷಯದಲ್ಲಿ ಬಿಡಿಸಿ ಬಿಡಿಸಿ ಕೇಳಿ, ಕಾನೂನಿನಲ್ಲಿ ಬರೆದಿಟ್ಟ ಅನುಭವ ಅಮೆರಿಕದ್ದು. ಅಲ್ಲಿಂದಲೇ ಶುರು ಮಾಡುತ್ತೇವೆ. ಅಲ್ಲಿನ ಕಪ್ಪು ಜನರಿಗೂ ನಮಗೂ ಇರುವ ನಂಟು ಇವತ್ತಿನದಲ್ಲ. ಬಾಬಾಸಾಹೇಬರು 1946ರಲ್ಲೇ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ಪ್ಯಾಂಥರ್ ಎಂಬ ಹೆಸರನ್ನು ಅವರಿಂದಲೇ ತಂದರು.

1965ರ ಏಪ್ರಿಲ್ 11. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಟೆಕ್ಸಾಸಿನಲ್ಲಿ ತಾನು ಅಕ್ಷರ ಕಲಿತ ಒಂದೇ ಕೋಣೆಯ ಶಾಲೆಯ ಮುಂದೆ, ತನ್ನ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಾಯ್ದೆಗೆ ಸಹಿ ಹಾಕಿದ. ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆ. ಇದೇ ಜಾನ್ಸನ್ ಯುವಕನಾಗಿದ್ದಾಗ, 1928ರಲ್ಲಿ, ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಬಡಮಕ್ಕಳಿಗೆ ಮೇಷ್ಟರಾಗಿದ್ದವನು. ಹಸಿದು ಬರುವ ಮಕ್ಕಳನ್ನು ಕಂಡವನು. ಅವನ ಅಂತಃಕರಣವನ್ನು ನಾವು ಅನುಮಾನಿಸುವುದಿಲ್ಲ. ಅಂತಃಕರಣ ಎಷ್ಟು ದೂರ ನಡೆಯುತ್ತದೆ ಎಂಬುದೇ ಇಲ್ಲಿನ ವಿಚಾರ. ಆ ಕಾಯ್ದೆಯ ಮೊದಲ ಭಾಗಕ್ಕೆ ಅಲ್ಲಿನವರು 'ಟೈಟಲ್ ಒನ್' ಎನ್ನುತ್ತಾರೆ. ಬಡಕುಟುಂಬದ ಮಕ್ಕಳು ಹೆಚ್ಚಿರುವ ಕಡೆಗೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಕೊಡುವುದರಿಂದ ಅದು ಆರಂಭವಾಯಿತು.

ಅಲ್ಲಿನ ವ್ಯವಸ್ಥೆ ಸ್ವಲ್ಪ ಹೇಳಬೇಕು. ಶಾಲೆ ನಡೆಸುವುದು 'ಸ್ಕೂಲ್ ಡಿಸ್ಟ್ರಿಕ್ಟ್' ಎಂಬ ಸ್ಥಳೀಯ ಸಂಸ್ಥೆ. ನಮ್ಮ ಜಿಲ್ಲೆಯಷ್ಟು ದೊಡ್ಡದೇ ಆಗಬೇಕೆಂದಿಲ್ಲ, ಒಂದು ಸಣ್ಣ ಊರಿನಷ್ಟೂ ಇರಬಹುದು. ಆ ಜಾಗದ ಮನೆ ಜಮೀನುಗಳ ಮೇಲೆ ಹಾಕಿದ ತೆರಿಗೆಯಿಂದ ಒಂದು ಪಾಲು, ರಾಜ್ಯ ಸರ್ಕಾರದಿಂದ ಒಂದು ಪಾಲು. ಇವೆರಡೂ ಸೇರಿ ಅಳತೆ. ವಾಷಿಂಗ್ಟನ್ನಿನಿಂದ ಬರುವ ಟೈಟಲ್ ಒನ್ ಹಣ ಅದರ ಮೇಲಿನ ಕೊಸರು.

ನಾಲ್ಕು ವರ್ಷ ಕಳೆಯಿತು. 1969ರಲ್ಲಿ ರೂಬಿ ಮಾರ್ಟಿನ್, ಫಿಲಿಸ್ ಮೆಕ್‌ಕ್ಲೂರ್ ಎಂಬ ಇಬ್ಬರು ಹೆಂಗಸರು ಒಂದು ವರದಿ ಹೊರತಂದರು. ಈ ಹಣ ಬಡಮಕ್ಕಳಿಗೆ ನೆರವಾಗುತ್ತಿದೆಯೇ ಎಂಬ ಪ್ರಶ್ನೆಯೇ ವರದಿಯ ಹೆಸರಿನಲ್ಲಿತ್ತು. ಅವರು ಹೊಸದಾಗಿ ಏನನ್ನೂ ಕೆದಕಬೇಕಾಗಿರಲಿಲ್ಲ. ಸರ್ಕಾರದ ಲೆಕ್ಕ ತಪಾಸಣೆಯವರೇ ಬರೆದಿಟ್ಟ ವರದಿಗಳನ್ನು ಕೂತು ಓದಿದರು. ಬಡಮಕ್ಕಳ ಹಣದಲ್ಲಿ ಈಜುಕೊಳ ಬಂದಿತ್ತು. ಶಾಲೆಯ ಸಾಮಾನ್ಯ ಖರ್ಚಿಗೆ, ಎಲ್ಲ ಮಕ್ಕಳಿಗೂ ಕೊಂಡ ಸಾಮಾನಿಗೆ ಆ ಹಣ ಹೋಗಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇದು ಕಳ್ಳತನ, ಕಳ್ಳತನವನ್ನು ಗುರುತಿಸುವುದು ಸುಲಭ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕಿಂತ ಜಾಣತನದ ಇನ್ನೊಂದು ಕೆಲಸ ದಕ್ಷಿಣದ ರಾಜ್ಯಗಳಲ್ಲಿ ನಡೆದಿತ್ತು. ಬಿಳಿಯ ಮಕ್ಕಳ ಶಾಲೆಗೆ ಸ್ಥಳೀಯ ತೆರಿಗೆಯ ಹಣದಿಂದಲೇ ಗ್ರಂಥಾಲಯ, ಪುಸ್ತಕ, ಸಾಮಾನು. ಕಪ್ಪು ಮಕ್ಕಳ ಶಾಲೆಗೆ ಅವೇ ವಸ್ತುಗಳು ಟೈಟಲ್ ಒನ್ ಹಣದಿಂದ. ನೋಡುವವರ ಕಣ್ಣಿಗೆ ಕಪ್ಪು ಮಕ್ಕಳ ಶಾಲೆಗೂ ಪುಸ್ತಕ ಬಂತು, ಹಣ ಅವರಿಗೇ ಖರ್ಚಾಯಿತು, ಒಂದು ಪೈಸೆಯೂ ಆಚೆ ಹೋಗಲಿಲ್ಲ. ಕಳ್ಳತನ ಎಲ್ಲಿದೆ ತೋರಿಸಿ ನೋಡೋಣ! ಕಳ್ಳತನ ಇದ್ದದ್ದು ಟೈಟಲ್ ಒನ್ ಲೆಕ್ಕದ ಪುಸ್ತಕದಲ್ಲಿ ಅಲ್ಲ, ಇನ್ನೊಂದು ಪುಸ್ತಕದಲ್ಲಿ. ಸ್ಥಳೀಯ ತೆರಿಗೆಯಲ್ಲಿ ಕಪ್ಪು ಮಕ್ಕಳಿಗೆ ಬರಬೇಕಾಗಿದ್ದ ಪಾಲು ಅಲ್ಲೇ ಉಳಿದು ಬಿಳಿಯರ ಶಾಲೆಗೆ ಹರಿದಿತ್ತು.

ಇನ್ನೂ ಒಂದು. ಆಗಿನ ದಿನಗಳಲ್ಲಿ ಕಪ್ಪು ಮಗು ಬೇಕಾದರೆ ಬಿಳಿಯರ ಶಾಲೆಗೆ ಸೇರಬಹುದು ಎಂಬ 'ಆಯ್ಕೆಯ ಸ್ವಾತಂತ್ರ್ಯ' ಕೊಟ್ಟಿದ್ದರು. ಆದರೆ ಕೆಲವು ಕಡೆ ಪುಕ್ಕಟೆ ಮಧ್ಯಾಹ್ನದ ಊಟದಂಥ ಸೌಲಭ್ಯ ಕಪ್ಪು ಮಕ್ಕಳ ಶಾಲೆಯಲ್ಲಿ ಮಾತ್ರ ಸಿಗುತ್ತಿತ್ತು. ಆಚೆ ಹೋದ ಮಗು ಊಟ ಕಳೆದುಕೊಳ್ಳುತ್ತಿತ್ತು. ಕೊಸರನ್ನೇ ಗೂಟಕ್ಕೆ ಕಟ್ಟುವ ಹಗ್ಗ ಮಾಡಿಕೊಂಡರು.

ಈ ವರದಿಯ ಬಿಸಿ ತಟ್ಟಿದ ಮೇಲೆ 1970ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ನಮ್ಮ ಸಂತೆಯ ಮಾತಿನಲ್ಲಿ ಹೇಳಬೇಕೆಂದರೆ: ಕೊಸರು ಅಳತೆಯ ಮೇಲೆ ಬೀಳಬೇಕು, ಅಳತೆಯ ಜಾಗಕ್ಕೆ ಬರಕೂಡದು. ಇದರ ಜೊತೆಗೆ ಇನ್ನೊಂದು ಷರತ್ತು: ಒಂದು ಡಿಸ್ಟ್ರಿಕ್ಟಿನ ಒಳಗೆ ಬಡಮಕ್ಕಳ ಶಾಲೆಗೂ ಉಳಿದ ಶಾಲೆಗೂ ಸ್ಥಳೀಯ ಮತ್ತು ರಾಜ್ಯದ ಹಣದಲ್ಲಿ ಹೆಚ್ಚುಕಡಿಮೆ ಸಮನಾದ ಸೌಕರ್ಯ ಇರಬೇಕು, ಆಮೇಲೆ ಕೊಸರು. ಮುಂದೆ ಲೆಕ್ಕ ತಪಾಸಣೆಯವರಿಗೆ ಮೂರು ಪರೀಕ್ಷೆಗಳು ರೂಢಿಗೆ ಬಂದವು. ಬೇರೆ ಕಾನೂನಿನ ಪ್ರಕಾರ ಹೇಗೂ ಕೊಡಲೇಬೇಕಾದದ್ದನ್ನು ಈ ಹಣದಿಂದ ಕೊಟ್ಟಿದ್ದೀರೋ? ಹೋದ ವರ್ಷ ನಿಮ್ಮ ಸ್ವಂತ ಹಣದಿಂದ ಮಾಡುತ್ತಿದ್ದುದನ್ನು ಈ ವರ್ಷ ಈ ಹಣಕ್ಕೆ ವರ್ಗಾಯಿಸಿದ್ದೀರೋ? ಬೇರೆ ಮಕ್ಕಳಿಗೆ ಸಾಮಾನ್ಯ ಹಣದಿಂದ ಕೊಡುವುದನ್ನೇ ಈ ಮಕ್ಕಳಿಗೆ ಮಾತ್ರ ಈ ಹಣದಿಂದ ಕೊಟ್ಟಿದ್ದೀರೋ? ಹೌದು ಎಂದಾದರೆ, ಅಳತೆಯ ಜಾಗಕ್ಕೆ ಕೊಸರು ಬಂದಿದೆ ಎಂದೇ ಮೊದಲು ತಿಳಿಯಬೇಕು. ಅಲ್ಲವೆಂದು ತೋರಿಸುವ ಹೊಣೆ ಖರ್ಚು ಮಾಡಿದವನದು.

ಈ ಮೂರು ಪರೀಕ್ಷೆಗಳಲ್ಲಿ ನಮಗೆ ಹಿಡಿಸಿದ್ದು ಏನೆಂದರೆ, ಇವು ಕೊಡುವವನ ಮನಸ್ಸನ್ನು ಕೇಳುವುದಿಲ್ಲ. ನೀನು ದಯಾಳುವೋ, ಜಾತಿವಾದಿಯೋ, ಗಾಂಧಿ ಜಯಂತಿಗೆ ಹರಿಜನ ಕೇರಿಯಲ್ಲಿ ಕಸ ಗುಡಿಸಿದವನೋ ಎಂದು ಕೇಳುವುದಿಲ್ಲ. ಎರಡೂ ಪುಸ್ತಕ ಪಕ್ಕ ಪಕ್ಕ ಇಡು ಎನ್ನುತ್ತವೆ, ಅಷ್ಟೇ. ಹೃದಯ ಪರಿವರ್ತನೆಗಾಗಿ ಕಾದು ಕಾದು ನಮ್ಮ ಎಷ್ಟೋ ತಲೆಮಾರುಗಳು ಮಣ್ಣಾಗಿ ಹೋಗಿವೆ. ಪರಿವರ್ತನೆಯಾಗದ ಹೃದಯದವನಿಂದಲೂ ನ್ಯಾಯ ವಸೂಲಾಗಬೇಕು. ಅದಕ್ಕೆ ಲೆಕ್ಕದ ಪುಸ್ತಕ ಬೇಕು.

ಆದರೆ ಸುಮ್ಮನೆ ಹೊಗಳಿ ಮುಂದೆ ಹೋಗಲು ಆಗುವುದಿಲ್ಲ. ಈ ನಿಯಮದ ಒಳಗೇ ಒಂದು ಮುಳ್ಳಿದೆ. ಹಣ ಬಡಮಗುವಿಗೇ ಮುಟ್ಟಿತು ಎಂದು ಸಾಬೀತು ಮಾಡಬೇಕಾದರೆ ಬಡಮಗು ಯಾವುದು ಎಂದು ಬೇರೆ ಮಾಡಿ ತೋರಿಸಬೇಕು. ಅಮೆರಿಕದಲ್ಲಿ ಹಾಗೇ ಆಯಿತು. ತಪಾಸಣೆಯ ಭಯಕ್ಕೆ ಶಾಲೆಗಳು ಟೈಟಲ್ ಒನ್ ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಬೇರೆ ಪಾಠ ಹೇಳಿದವು. ಆ ಹಣದ ಯಂತ್ರವನ್ನು ಬೇರೆ ಮಗು ಮುಟ್ಟದ ಹಾಗೆ ನೋಡಿಕೊಂಡವು. ಹಣ ಶುದ್ಧವಾಗಿ ಉಳಿಯಿತು, ಮಗು ಗುರುತಾಯಿತು.

ಇದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸ್ಕಾಲರ್‌ಶಿಪ್ ಫಾರಂ ಬಂದ ದಿನ ತರಗತಿಯಲ್ಲಿ "ಎಸ್ಸಿ ಹುಡುಗ್ರು ಎದ್ದು ನಿಂತ್ಕೊಳ್ಳಿ" ಎಂದ ಮೇಷ್ಟರ ದನಿ ನಮ್ಮ ಕಿವಿಯಲ್ಲಿ ಇನ್ನೂ ಇದೆ. ಅಲ್ಲಿಯವರೆಗೆ ಪಕ್ಕದಲ್ಲಿ ಕೂತು ಬಳಪ ಹಂಚಿಕೊಂಡವನು ತಲೆಯೆತ್ತಿ ನೋಡಿದ ನೋಟವೂ ಇದೆ. ಮೇಷ್ಟರು ಕೆಟ್ಟವರಲ್ಲ. ಫಾರಂ ತುಂಬಿಸಲು ತಮ್ಮ ಕೈಯಿಂದ ಫೋಟೋಕ್ಕೆ ದುಡ್ಡು ಕೊಟ್ಟವರು. ಆ ಹಣ ಬಾರದಿದ್ದರೆ ನಾವು ಹತ್ತನೇ ತರಗತಿ ದಾಟುತ್ತಿರಲಿಲ್ಲ. ಮನೆಯಲ್ಲಿ ಮೊದಲ ಡಿಗ್ರಿ ನಮ್ಮದು. ಆದರೂ ಎದ್ದು ನಿಂತ ಆ ಒಂದು ನಿಮಿಷದ ಬೆಲೆಯನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ.

ಇದಕ್ಕೆ ಅಮೆರಿಕ ಕಂಡುಕೊಂಡ ದಾರಿ: ಬಡಮಕ್ಕಳೇ ತುಂಬಿರುವ ಶಾಲೆಯಲ್ಲಿ ಮಕ್ಕಳನ್ನು ಬೇರೆ ಮಾಡಬೇಡಿ, ಇಡೀ ಶಾಲೆಗೇ ಖರ್ಚು ಮಾಡಿ. 1978ರಲ್ಲಿ ನೂರಕ್ಕೆ 75 ಮಕ್ಕಳು ಬಡವರಾಗಿದ್ದರೆ ಎಂದಿದ್ದ ಗೆರೆಯನ್ನು 1994ರಲ್ಲಿ 50ಕ್ಕೆ, ಆಮೇಲೆ 2001ರ ಕಾಯ್ದೆಯಲ್ಲಿ 40ಕ್ಕೆ ಇಳಿಸಿದರು. ಮಗುವಿನ ಮಾನ ಉಳಿಯಿತು. ಆದರೆ ಹಣ ಮತ್ತೆ ಎಲ್ಲರದರಲ್ಲಿ ಕರಗುವ ದಾರಿಯೂ ತೆರೆಯಿತು. 2015ರಲ್ಲಿ ಒಬಾಮ ಸಹಿ ಹಾಕಿದ ಹೊಸ ಕಾಯ್ದೆ ಮತ್ತೊಂದು ತಿರುವು ತಂದಿತು. ಪ್ರತಿ ಪೆನ್ಸಿಲಿಗೂ ಲೆಕ್ಕ ಕೇಳುವುದು ಬೇಡ. ಡಿಸ್ಟ್ರಿಕ್ಟು ತನ್ನ ಸ್ವಂತ ಹಣವನ್ನು ಶಾಲೆಗಳಿಗೆ ಹಂಚುವ ವಿಧಾನವನ್ನು ತೋರಿಸಲಿ. ಟೈಟಲ್ ಒನ್ ಇಲ್ಲದೇ ಇದ್ದಿದ್ದರೆ ಈ ಶಾಲೆಗೆ ಎಷ್ಟು ಬರುತ್ತಿತ್ತೋ ಅಷ್ಟೂ ಬಂದಿದೆ ಎಂದು ಕಂಡರೆ ಸಾಕು. ಇದು ನಮಗೆ ಸರಿ ಎನ್ನಿಸುತ್ತದೆ. ಮಗುವಿನ ತಟ್ಟೆಯನ್ನು ಇಣುಕಿ ನೋಡಬೇಡಿ, ಸೇರು ಹಿಡಿದವನ ಹೆಬ್ಬೆರಳು ನೋಡಿ. ನಮ್ಮ ಅವ್ವಂದಿರ ವಿಧಾನವೂ ಅದೇ.

ಹಾಗಂತ ಹೆಬ್ಬೆರಳು ಸುಮ್ಮನಿರುತ್ತದೆಯೇ? ಶಾಲೆಗಳನ್ನು ಸಮ ಎಂದು ಅಳೆಯುವಾಗ ಮೇಷ್ಟರ ಸೇವಾವಧಿಯಿಂದ ಬರುವ ಸಂಬಳದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದು ಆ ಕಾನೂನೇ ಹೇಳುತ್ತದೆ. ಇಲ್ಲೊಬ್ಬ ಮೇಷ್ಟರು, ಅಲ್ಲೊಬ್ಬ ಮೇಷ್ಟರು, ಎರಡೂ ಸಮ. ಇಲ್ಲಿನವನು ನಿನ್ನೆ ಸೇರಿದವನು, ಅಲ್ಲಿನವನು ಇಪ್ಪತ್ತು ವರ್ಷ ಪಳಗಿದವನು. ಸಂಬಳ ಇಮ್ಮಡಿ ಇರಬಹುದು, ಕಾನೂನಿಗೆ ಕಾಣುವುದಿಲ್ಲ. ಅನುಭವ ಬಂದ ಮೇಷ್ಟರು ಬಡಕೇರಿ ಬಿಟ್ಟು ಒಳ್ಳೆ ಬಡಾವಣೆಗೆ ವರ್ಗ ಮಾಡಿಸಿಕೊಳ್ಳುವುದು ಅಲ್ಲೂ ಇದೆ. 2011ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯೇ ಲೆಕ್ಕ ಹಾಕಿ ನೋಡಿದಾಗ, ಟೈಟಲ್ ಒನ್ ಪಡೆಯುವ ಶಾಲೆಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಶಾಲೆಗಳು, ಅದೇ ಡಿಸ್ಟ್ರಿಕ್ಟಿನ ಬೇರೆ ಶಾಲೆಗಳಿಗಿಂತ ಕಡಿಮೆ ರಾಜ್ಯ ಮತ್ತು ಸ್ಥಳೀಯ ಹಣವನ್ನು ಸಿಬ್ಬಂದಿಗೆ ಖರ್ಚು ಮಾಡುತ್ತಿದ್ದವು. ನಿಯಮ ಬಂದು ನಲವತ್ತು ವರ್ಷವಾದ ಮೇಲಿನ ಮಾತು ಇದು. ಕ್ಯಾಲಿಫೋರ್ನಿಯದಲ್ಲಿ ಮತ್ತೊಂದು ಬಗೆ. 2013ರಿಂದ ಅಲ್ಲಿ ಬಡಮಕ್ಕಳಿಗೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ, ಹೆತ್ತವರಿಂದ ದೂರವಾಗಿ ಸಾಕುಮನೆಯಲ್ಲಿರುವ ಮಕ್ಕಳಿಗೆ ತಲಾ ನೂರಕ್ಕೆ 20ರಷ್ಟು ಹೆಚ್ಚು ಕೊಡುತ್ತಾರೆ. ಆ ವರ್ಷ ಖರ್ಚಾಗದೆ ಉಳಿದರೆ ಮರುವರ್ಷ ಅದು ತನ್ನ ಹೆಸರು ಕಳೆದುಕೊಂಡು ಸಾಮಾನ್ಯ ಹಣದೊಳಗೆ ಸೇರಿಹೋಗುತ್ತಿತ್ತು. 2019ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರು ಇದನ್ನು ಎತ್ತಿ ಹೇಳಿದರು. 2021ರಲ್ಲಿ ಕಾನೂನು ತಿದ್ದಿ, ಉಳಿದದ್ದು ಆ ಮಕ್ಕಳ ಹೆಸರಲ್ಲೇ ಮುಂದಕ್ಕೆ ಹೋಗಬೇಕು ಎಂದು ಮಾಡಬೇಕಾಯಿತು. ಮಾರ್ಚ್ ತಿಂಗಳ ಮಹಿಮೆ ಬಲ್ಲ ನಮ್ಮ ನೌಕರ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 17.15, ಪರಿಶಿಷ್ಟ ಪಂಗಡ 6.95, ಕೂಡಿದರೆ 24.1. ಅಷ್ಟು ಪಾಲಿನ ಹಣವನ್ನು ಇವರಿಗೆಂದೇ ತೆಗೆದಿಡಬೇಕು ಎಂಬ ಕಾಯ್ದೆ 2013ರಲ್ಲಿ ಬಂತು. ಹಾಸ್ಟೆಲು, ವಸತಿ ಶಾಲೆ, ವಿದ್ಯಾರ್ಥಿವೇತನ ಇವೆಲ್ಲ ಇದರ ನೆರಳಿನಲ್ಲೇ ಬದುಕಬೇಕು. ಅದರ 7ನೇ ಕಲಮಿನಲ್ಲಿ 'ಡಿ' ಎಂಬ ಒಂದು ಸಣ್ಣ ಕಂಡಿ ಇತ್ತು. ಬಿಡಿಸಲಾಗದ ಮೂಲಸೌಕರ್ಯದ ಕಾಮಗಾರಿ ಮಾಡಿದಾಗ ಅದರ ಒಂದು ಭಾಗ ಪರಿಶಿಷ್ಟರಿಗೆ ಖರ್ಚಾಯಿತೆಂದು 'ಭಾವಿಸುವುದು'. ಭಾವಿಸುವುದು! ನಾವು ಕವಿಗಳು ಭಾವಿಸುವುದಕ್ಕೆ ನಮ್ಮನ್ನು ಬೈಯುವ ವಿಮರ್ಶಕರು ಈ ಕಲಮನ್ನು ಓದಬೇಕಿತ್ತು. ದಾರಿಯಲ್ಲಿ ಎಲ್ಲರೂ ನಡೆಯುತ್ತಾರೆ, ನೀವೂ ನಡೆಯುತ್ತೀರಿ, ಆದ್ದರಿಂದ ನಿಮ್ಮ ಹಣ. ಎಲ್ಲರೂ ನಡೆಯುವ ದಾರಿಗೆ ಉಳಿದವರು ನಡೆಯುವ ಪಾಲು ಯಾರ ಹಣ? ಸಾಮಾನ್ಯ ಹಣ. ನಾವು ನಡೆದರೆ ಮಾತ್ರ ನಮ್ಮ ಹಣ. ಹಾಗಾದರೆ ಆ ಸಾಮಾನ್ಯ ಎನ್ನುವುದರಲ್ಲಿ ನಾವು ಇಲ್ಲವೇ? ದಲಿತ ಸಂಘಟನೆಗಳು ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಈ 'ಡಿ'ಯನ್ನು ತೆಗೆದುಹಾಕಿದರು.

ಅದೇ 2023-24ರಲ್ಲಿ ಗ್ಯಾರಂಟಿ ಯೋಜನೆಗಳಿಗೆ ಈ ಉಪಯೋಜನೆಯಿಂದ 11 ಸಾವಿರ ಕೋಟಿಗೂ ಹೆಚ್ಚು, 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಹಣ ತೋರಿಸಲಾಯಿತು. ಗ್ಯಾರಂಟಿಗಳನ್ನು ನಾವು ಹಳಿಯುವುದಿಲ್ಲ. ನಮ್ಮ ಅವ್ವ ಟಿಕೆಟ್ ಇಲ್ಲದೆ ಬಸ್ಸು ಹತ್ತಿ ತವರಿಗೆ ಹೋಗಿ ಬಂದಿದ್ದಾಳೆ. 2,000 ರೂಪಾಯಿ ಬಂದ ದಿನ ಮನೆಯಲ್ಲಿ ಮೀನಿನ ಸಾರಿನ ವಾಸನೆ ಇರುತ್ತದೆ. ಪುಕ್ಕಟೆ ತಿನ್ನುತ್ತಾರೆ ಎಂದು ಹಳಿಯುವ ಕಾರಿನ ಮಂದಿಯ ಜೊತೆ ನಾವು ದನಿಗೂಡಿಸುವುದಿಲ್ಲ. ನಮ್ಮ ಪ್ರಶ್ನೆ ಅದಲ್ಲ. ಸರ್ಕಾರ ಹೇಳಿತು: ಹಣ ಎಲ್ಲಿ ಹೋಯಿತು? ಪರಿಶಿಷ್ಟ ಹೆಣ್ಣುಮಕ್ಕಳಿಗೇ ಹೋಯಿತಲ್ಲ, ಅವರ ಖಾತೆಗೇ ಬಿತ್ತಲ್ಲ! ಬಿತ್ತು, ಒಪ್ಪಿದೆವು. ಊರೊಳಗಿನ ಗೌಡರ ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ಸಾಮಾನ್ಯ ಬೊಕ್ಕಸದಿಂದ ಬಂತು. ಹಟ್ಟಿಯ ನಮ್ಮ ಅವ್ವನಿಗೆ ಅದೇ 2,000 ಅವಳ ಮಕ್ಕಳ ಹಾಸ್ಟೆಲಿಗೂ ಓದಿಗೂ ಆಗಬೇಕಾಗಿದ್ದ ಗಂಟಿನಿಂದ ಬಂತು. ಇಬ್ಬರಿಗೂ ಸಮ. ಆದರೆ ಒಬ್ಬಳಿಗೆ ಅಳತೆ, ಇನ್ನೊಬ್ಬಳಿಗೆ ತನ್ನದೇ ಕೊಸರು. ಅಮೆರಿಕದ ಆ ಮೂರನೇ ಪರೀಕ್ಷೆಯನ್ನು ಇಲ್ಲಿಟ್ಟು ನೋಡಿ, ಗೆಳೆಯರೇ. 1969ರಲ್ಲಿ ಬಿಳಿಯರ ಶಾಲೆಯ ಪುಸ್ತಕಕ್ಕೆ ತೆರಿಗೆಯ ಹಣ, ಕರಿಯರ ಶಾಲೆಯ ಪುಸ್ತಕಕ್ಕೆ ಟೈಟಲ್ ಒನ್ ಎಂದು ಕಂಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬಾಬಾಸಾಹೇಬರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. 1942ರಲ್ಲಿ ವೈಸರಾಯ್‌ಗೆ ಸಲ್ಲಿಸಿದ ಮನವಿಯಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉನ್ನತ ವಿದ್ಯಾಭ್ಯಾಸಕ್ಕೆ ಅವರು ಹಣ ಕೇಳಿದರು. ಕೇಳಿದ ರೀತಿ ನೋಡಬೇಕು. ಬನಾರಸ್ಸಿನ ಹಿಂದೂ ವಿಶ್ವವಿದ್ಯಾಲಯಕ್ಕೆ, ಅಲೀಗಢದ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 3 ಲಕ್ಷದಂತೆ ಕೊಡುತ್ತಿದ್ದೀರಿ, ನಮ್ಮ ಪಾಲು ಎಲ್ಲಿ ಎಂಬ ಧಾಟಿ ಅದು. ಅಯ್ಯೋ ಪಾಪ ಎನ್ನಿ ಎಂದು ಬೇಡಲಿಲ್ಲ. ಸೇರನ್ನು ತಿರುಗಿಸಿ ತಳ ತೋರಿಸಿದರು.

ಇಷ್ಟು ಬರೆದ ಮೇಲೆ ಒಬ್ಬ ಹಳ್ಳಿ ಮೇಷ್ಟರು ನಮ್ಮ ಮುಂದೆ ಬಂದು ನಿಲ್ಲುತ್ತಾರೆ. ಅವರನ್ನು ದಾಟಿ ಹೋಗಲು ಮನಸ್ಸು ಒಪ್ಪುವುದಿಲ್ಲ. ಅವರು ಹೇಳುತ್ತಾರೆ: "ನೀವು ಹೇಳೋದೆಲ್ಲ ಸರಿ ಕಣಪ್ಪ. ಊರವರ ಮಕ್ಕಳೆಲ್ಲ ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋದರು. ನಮ್ಮ ಶಾಲೇಲಿ ಉಳಿದಿರೋದು ಕೇರಿ ಮಕ್ಕಳೇ. ಸೂರು ಸೋರ್ತಾ ಇದೆ. ಸಾಮಾನ್ಯ ಹಣ ಬರಲ್ಲ ಅಂತ ಮೂರು ವರ್ಷದಿಂದ ಕೇಳ್ತಾ ಇದೀನಿ. ಪರಿಶಿಷ್ಟರ ಹಣದಲ್ಲಿ ಸೂರು ಹಾಕಿಸಿದರೆ ತಪ್ಪೇನು? ನೆನೀತಾ ಇರೋದು ನಿಮ್ಮ ಮಕ್ಕಳೇ ತಾನೇ?"

ಮೊದಲ ಪರೀಕ್ಷೆಯ ಪ್ರಕಾರ ಇದು ತಪ್ಪು. 2002ರ ಸಂವಿಧಾನ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಎಲ್ಲ ಹವೆಗೂ ತಡೆಯುವ ಕಟ್ಟಡ, ಒಬ್ಬ ಮೇಷ್ಟರಿಗೆ ಒಂದು ಕೋಣೆ, ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಬಯಲು, ಗ್ರಂಥಾಲಯ. ಇದು ನಮ್ಮ ದೇಶದ ಸೇರು. ಬ್ರಾಹ್ಮಣರ ಮಗುವಿಗೂ ಮಾದಿಗರ ಮಗುವಿಗೂ ಒಂದೇ ಸೇರು. ಸೂರು ಅಳತೆಯೊಳಗಿನದು. ಅದಕ್ಕೆ ಕೊಸರಿನ ಹಣ ಹಾಕಿದರೆ, ಆ ಮಕ್ಕಳಿಗೆ ಸಂಜೆ ಪಾಠವೋ ವಸತಿಯೋ ಹೆಚ್ಚಿನ ಪುಸ್ತಕವೋ ಆಗಬೇಕಾಗಿದ್ದದ್ದು ತಗಡಿನ ಶೀಟಾಗಿ ಮೇಲೆ ಕೂರುತ್ತದೆ.

ಸರಿ. ಆದರೆ ಮಳೆ ಇವತ್ತು ಬರುತ್ತಿದೆ. ತತ್ವವನ್ನು ಹಿಡಿದುಕೊಂಡು ಮಕ್ಕಳನ್ನು ನೆನೆಯಲು ಬಿಡಿ ಎಂದು ಹೇಳುವ ಧೈರ್ಯ ನಮಗಿಲ್ಲ. ಆ ಧೈರ್ಯ ಇರುವವರು ನೆನೆದವರಲ್ಲ. ನಾವು ಬಹಳ ಯೋಚಿಸಿದ ಮೇಲೆ ನಮಗೆ ತೋಚಿದ್ದು ಇಷ್ಟು: ಸೂರು ಹಾಕಿಸಿ ಮೇಷ್ಟ್ರೇ. ಆದರೆ ಖರ್ಚು ಎಂದು ಬರೆಯಬೇಡಿ, ಸಾಲ ಎಂದು ಬರೆಯಿರಿ. ಪರಿಶಿಷ್ಟರ ಹಣದಿಂದ ಸಾಮಾನ್ಯ ಬೊಕ್ಕಸಕ್ಕೆ ಇಂತಿಷ್ಟು ಸಾಲ, ಇಂಥ ದಿನ, ಇಂಥ ಶಾಲೆಯ ಸೂರಿಗೆ. ಎಸ್‌ಡಿಎಂಸಿ ನಡಾವಳಿಯಲ್ಲಿ ಒಂದು ಸಾಲು. ಇಲಾಖೆಯ ಯಾವ ನಮೂನೆಯಲ್ಲೂ ಅದಕ್ಕೆ ಕಾಲಮ್ಮು ಇರಲಾರದು, ಮೇಲಿನವರು ನಗಬಹುದು. ನಗಲಿ. ಇದು ಪೂರ್ತಿ ಸರಿಯಾದ ಉತ್ತರ ಎಂದು ನಮಗೂ ಅನ್ನಿಸಿಲ್ಲ. ಸಾಲ ತೀರುತ್ತದೆ ಎಂದು ನಂಬುವಷ್ಟು ಎಳಸರೂ ಅಲ್ಲ ನಾವು. ಆದರೆ ಸಾಲ ಎಂದು ಬರೆದದ್ದು ದಾನವಾಗುವುದಿಲ್ಲ.

ಕಡೆಯದಾಗಿ, ಈ ನಿಯಮಕ್ಕೆ ಮುಟ್ಟಲಾಗದ ಒಂದು ಜಾಗ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಜ್‌ವುಡ್ ಎಂಬ ಡಿಸ್ಟ್ರಿಕ್ಟು, ನೂರಕ್ಕೆ 90 ಮಕ್ಕಳು ಮೆಕ್ಸಿಕನ್ನರು. ಅದೇ ನಗರದಲ್ಲಿ ಅಲಾಮೊ ಹೈಟ್ಸ್, ಬಿಳಿಯ ಸಿರಿವಂತರದು. 1967-68ರಲ್ಲಿ ಎಜ್‌ವುಡ್‌ನ ಒಂದು ಮಗುವಿಗೆ ಸ್ಥಳೀಯ ತೆರಿಗೆಯಿಂದ 26 ಡಾಲರ್, ರಾಜ್ಯದಿಂದ 222, ಕೇಂದ್ರದಿಂದ 108, ಒಟ್ಟು 356. ಅಲಾಮೊ ಹೈಟ್ಸ್‌ನ ಮಗುವಿಗೆ ಸ್ಥಳೀಯ 333, ರಾಜ್ಯ 225, ಕೇಂದ್ರ 36, ಒಟ್ಟು 594. ತೆರಿಗೆಯ ದರ ಎಜ್‌ವುಡ್‌ನಲ್ಲೇ ಹೆಚ್ಚು. ಬಡವರು ಹೆಚ್ಚು ದರದಲ್ಲಿ ಕೊಟ್ಟರೂ ಗುಡಿಸಲಿನ ಮೇಲಿನ ತೆರಿಗೆ ಎಷ್ಟಾದೀತು? ಡಿಮೆಟ್ರಿಯೊ ರೊಡ್ರಿಗಸ್ ಮತ್ತು ಇತರ ತಂದೆತಾಯಂದಿರು 1968ರಲ್ಲಿ ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟು, ಐವರು ನಾಲ್ವರ ತೀರ್ಪಿನಲ್ಲಿ, ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ ಎಂದು ಅವರನ್ನು ವಾಪಸ್ ಕಳಿಸಿತು. ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದರು. ಕೊಸರಿನ ನಿಯಮ ಇಲ್ಲಿ ಏನೂ ಮಾಡಲಾರದು. ಅದು ಒಂದು ಡಿಸ್ಟ್ರಿಕ್ಟಿನ ಒಳಗಿನ ಶಾಲೆಗಳನ್ನು ಹೋಲಿಸುತ್ತದೆ, ಡಿಸ್ಟ್ರಿಕ್ಟು ಡಿಸ್ಟ್ರಿಕ್ಟುಗಳನ್ನಲ್ಲ. ಎಜ್‌ವುಡ್‌ನ 108 ಪ್ರಾಮಾಣಿಕವಾಗಿ ಅಳತೆಯ ಮೇಲೆಯೇ ಬಿದ್ದಿರಬಹುದು. ಆದರೆ ಸೇರೇ ಚಿಕ್ಕದು. ಆಗ ನಿಯಮ ಪಾಲಿಸಿದರೂ ಅನ್ಯಾಯ ಹಾಗೇ ಉಳಿಯುತ್ತದೆ. 'ಇದು ಇಲ್ಲದಿದ್ದರೆ ನಿಮಗೆ ಎಷ್ಟು ಬರುತ್ತಿತ್ತು' ಎಂದು ಕೇಳುವ ನಿಯಮ, ಜಾತಿಯ ಊರಿನಲ್ಲಿ ಆ ಪ್ರಶ್ನೆಗೆ ಬರುವ ಉತ್ತರ 'ಏನೂ ಇಲ್ಲ' ಎಂದಾದಾಗ ಬಾಯಿ ಕಟ್ಟಿ ನಿಲ್ಲುತ್ತದೆ.

ಆದ್ದರಿಂದ ಈ ಪತ್ರಿಕೆ ಓದುವ ಮೇಷ್ಟರುಗಳಲ್ಲಿ, ಎಸ್‌ಡಿಎಂಸಿಯಲ್ಲಿ ಕೂರುವ ಅಣ್ಣ ಅಕ್ಕಂದಿರಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ಒಂದು ಕೇಳಿಕೆ. ನಿಮ್ಮ ಶಾಲೆಗೆ, ನಿಮ್ಮ ಹಾಸ್ಟೆಲಿಗೆ ಹೋದ ವರ್ಷ ಯಾವ ಹಣ ಯಾವ ಲೆಕ್ಕದಿಂದ ಬಂತು ಎಂದು ಕೇಳಿ ನೋಡಿ. ಬಾಯಿ ಮಾತಿನಲ್ಲಿ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಪಕ್ಕದಲ್ಲೇ, ನಿಮ್ಮ ತಾಲ್ಲೂಕು ಕೇಂದ್ರದ ಶಾಲೆಗೆ ಅದೇ ಸಾಮಾನು ಯಾವ ಲೆಕ್ಕದಿಂದ ಬಂತು ಎಂದೂ ಕೇಳಿ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಅಕ್ಷರ ಅಂದವಾಗಿರಬೇಕಾಗಿಲ್ಲ. ಶಾಲೆಯ ಹೆಸರು ಹಾಕುವುದು ಬಿಡುವುದು ನಿಮಗೆ ಬಿಟ್ಟಿದ್ದು.